ಶಾರದಳ ಕೈಯಡಿಗೆ

ಬಿಟ್ಟುಬಿಟ್ಟರೆ ನೆಮ್ಮದಿ ಸಿಗುತ್ತದೆ ಎಂದು ಉಪದೇಶ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅವರು ಯಾರೂ ಮೈಸೂರಿನ ವಿದ್ಯಾರಣ್ಯಪುರಂನ ನಮ್ಮ ಶಾರದಳನ್ನು ನೋಡಿಲ್ಲ. ಅವಳೂ ಬಿಟ್ಟಳು, ಅವಳಿಗೂ ನೆಮ್ಮದಿ ಸಿಕ್ಕಿತು. ಆ ನೆಮ್ಮದಿಯನ್ನು ಎದುರಿಗೆ ನಿಂತು ನೋಡಿದವಳು ನಾನು. ಇವತ್ತಿಗೂ ನೆನೆಸಿಕೊಂಡರೆ ಮೈ ಜುಂ ಎನ್ನುತ್ತದೆ.

ಆ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದದ್ದು ತೊಂಬತ್ತೊಂದರಲ್ಲಿ. ಕೆಳಗೆ ಇದ್ದದ್ದು ಮೂರೇ ಜನ. ಯಜಮಾನಿ ನೀಲಮ್ಮನವರು, ಗಂಡ ತೀರಿಕೊಂಡಿದ್ದರು, ಹಣೆ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವರಿಗೆ ಐದು ವರ್ಷವಾಗಿದ್ದಾಗ ಮಠದ ಸ್ವಾಮಿಗಳು ಕಟ್ಟಿದ ಇಷ್ಟಲಿಂಗ. ಮಗ ವಿಶ್ವನಾಥ್, ಶಿವರಾಂಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು. ಸೊಸೆ ಶಾರದ, ಮಂಡ್ಯ ಕಡೆಯ ಗೌಡರ ಮನೆಯ ಹುಡುಗಿ. ಟೈಪಿಂಗ್ ಕಲಿಯುತ್ತೇನೆಂದು ಹೋದ ವಿಶ್ವನಾಥ್ ಟೈಪಿಂಗ್ ಕಲಿಯಲಿಲ್ಲ, ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದ ಇವಳನ್ನು ಕಟ್ಟಿಕೊಂಡು ಬಂದ.

ಲಿಂಗ ಕಟ್ಟಿಕೊಳ್ಳದವರ ಕೈಯಡಿಗೆಯನ್ನು ನೀಲಮ್ಮನವರು ಮುಟ್ಟುತ್ತಿರಲಿಲ್ಲ. ನಾನು ಕೊಟ್ಟ ಕಾಫಿಯನ್ನೂ ಕುಡಿದವರಲ್ಲ. ಲೋಟ ಇಸಿದುಕೊಂಡು, ಹೊಗಳಿ, ದಾಸವಾಳದ ಬುಡಕ್ಕೆ ಹುಯ್ಯುತ್ತಿದ್ದರು. ನನಗೇನು, ಬಾಡಿಗೆದಾರಳು, ಗಿಡಕ್ಕಾದರೂ ಕಾಫಿ ಸಿಕ್ಕಿತಲ್ಲ ಎಂದು ಸುಮ್ಮನಾದೆ. ಶಾರದ ಸುಮ್ಮನಾಗಲಿಲ್ಲ. ಅತ್ತೆ ತನ್ನ ಕೈಯಿಂದ ಒಂದು ತುತ್ತು ಉಣ್ಣಬೇಕು, ಅಷ್ಟೇ ಅವಳ ಆಸೆ. ಬೇರೆ ಹೆಂಗಸರು ಒಡವೆ ಕೇಳುತ್ತಾರೆ, ಸೈಟು ಕೇಳುತ್ತಾರೆ. ಇವಳು ಕೇಳಿದ್ದು ಮುದುಕಿಯೊಬ್ಬಳ ಒಂದು ತುತ್ತನ್ನು. ಕೇಳಬಾರದವರ ಹತ್ತಿರ ಕೇಳಿದಳು.

ಮದುವೆಯಾದ ವರ್ಷವೇ ಅದೇ ಮಠಕ್ಕೆ ಹೋಗಿ ದೀಕ್ಷೆ ತೆಗೆದುಕೊಂಡು ಬಂದಳು. ಕೊರಳಿಗೆ ಶಿವದಾರ ಬಂತು, ಲಿಂಗ ಬಂತು. ತವರಿನ ಕೋಳಿ ಸಾರು ಬಿಟ್ಟಳು. ಬೆಳಗ್ಗೆ ಎದ್ದು ಮಿಂದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸದೆ ಒಲೆ ಹಚ್ಚುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಟ್ಟಿಕೊಂಡವರೂ ಅಷ್ಟು ಶಿಸ್ತಾಗಿ ಮಾಡುವುದನ್ನು ನಾನು ಕಂಡಿಲ್ಲ. ಇಷ್ಟೆಲ್ಲ ಆದಮೇಲೆ ನೀಲಮ್ಮನವರು ಅಡುಗೆಮನೆಯ ಮೂಲೆಯಲ್ಲಿ ಬೇರೆ ಸ್ಟೌ ಇಟ್ಟುಕೊಂಡರು. ಕಟ್ಟಿಸಿಕೊಂಡದ್ದು ಬೇರೆ, ಹುಟ್ಟಿ ಬಂದದ್ದು ಬೇರೆ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಸೊಸೆಗೆ ಕೇಳುವ ಹಾಗೆಯೇ ನನ್ನ ಹತ್ತಿರ ಹೇಳಿದರು. ಶಾರದ ಅವರಿಗೆಂದು ಮುಚ್ಚಿಟ್ಟ ಪಾಲನ್ನು ದಿನಾ ಬೀದಿಯ ಹಸುವಿಗೆ ಹಾಕುತ್ತಿದ್ದರು. ಆ ಹಸು ಮೈಕೈ ತುಂಬಿಕೊಂಡಿತು.

ಒಂದು ಸಲ ಮಠದ ಸ್ವಾಮಿಗಳೇ ಮನೆಗೆ ಬಂದರು. ಶಾರದ ಅಡುಗೆ ಮಾಡಿದಳು, ಅವರು ಪೂಜೆ ಮುಗಿಸಿ ಉಂಡರು, ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡರು. ನೀಲಮ್ಮನವರು ಬಾಳೆಹಣ್ಣು ಸುಲಿಯುತ್ತಿದ್ದದ್ದನ್ನು ನೋಡಿ, ದೀಕ್ಷೆ ಆದಮೇಲೆ ಹಿಂದಿನ ಜಾತಿ ನೆನೆಯುವುದೇ ಪಾಪ ತಾಯಿ ಎಂದು ಎಲ್ಲರೆದುರಿಗೂ ಹೇಳಿದರು. ನೀಲಮ್ಮನವರು ಎರಡೂ ಕೈ ಜೋಡಿಸಿ, ಅಪ್ಪಣೆ ಬುದ್ಧಿ ಎಂದರು. ಆಮೇಲೆ ಆ ಬಾಳೆಹಣ್ಣನ್ನೇ ತಿಂದು ಹಾಲು ಕುಡಿದರು. ಗುರುವಿನ ಮಾತನ್ನು ತಲೆಯ ಮೇಲೆ ಹೊತ್ತರು, ಗಂಟಲಿಗೆ ಮಾತ್ರ ಇಳಿಸಲಿಲ್ಲ.

ವಿಶ್ವನಾಥ್ ಏನು ಮಾಡುತ್ತಿದ್ದ ಎಂದು ಕೇಳಬೇಡಿ. ಅವನ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವ್ವ ಹಳೇ ಕಾಲದವರು ಅನ್ನುವನು, ನೀನೂ ಸ್ವಲ್ಪ ಹೊಂದಿಕೊ ಅನ್ನುವನು, ಅಂಗಡಿಗೆ ಹೊರಡುವನು. ಅವರಿಗೆ ಮಕ್ಕಳಾಗಲಿಲ್ಲ, ಅದಕ್ಕೂ ನೀಲಮ್ಮನವರ ಬಳಿ ಕಾರಣ ಸಿದ್ಧವಿತ್ತು, ಅದನ್ನು ಇಲ್ಲಿ ಬರೆಯಲು ನನಗೆ ಅಸಹ್ಯ. ನಾನು ಶಾರದಳಿಗೆ ಎಷ್ಟೋ ಸಲ ಹೇಳಿದೆ, ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಎಂದು. ಅವಳು ನಕ್ಕು, ಒಂದಲ್ಲ ಒಂದು ದಿನ ಉಣ್ಣುತ್ತಾರೆ ಬಿಡಿ ಸುಮಿತ್ರಮ್ಮ ಎನ್ನುತ್ತಿದ್ದಳು. ಆ ನಗು ನೋಡಿದರೆ ನನಗೆ ಅತ್ತೆಗಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬರುತ್ತಿತ್ತು.

ತೊಂಬತ್ತೆಂಟರಲ್ಲಿ ಶಾರದಳ ಅಪ್ಪ ಸತ್ತರು. ಊರಿಗೆ ಹೋದವಳು ತಿಥಿಯ ತನಕ ಅಲ್ಲೇ ಇದ್ದಳು. ಅಪ್ಪನಿಗೆ ಇಷ್ಟವಾದ ಬಾಡೂಟವನ್ನು ಎಡೆಗೆ ಇಟ್ಟು, ಮನೆಯವರೆಲ್ಲ ಕೂತು ಉಣ್ಣುವಾಗ ಇವಳು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಅನ್ನ ಬೇಯಿಸಿಕೊಂಡಳಂತೆ. ಅಪ್ಪನ ಎಡೆಯೂ ನಿನಗೆ ಬೇಡವಾಯಿತಾ ಎಂದು ಅವಳ ತಾಯಿ ಗೋಳಾಡಿದರಂತೆ. ಆ ಗೋಳನ್ನು ಹೊತ್ತುಕೊಂಡು ಅವಳು ಮೈಸೂರಿಗೆ ಬಂದಳು. ನೀಲಮ್ಮನವರು ಬಾಗಿಲಲ್ಲೇ ತಡೆದರು. ಹೋಗುವ ಮೊದಲು ಅವಳು ಮುಟ್ಟಿದ್ದ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿಸಿ ಅಂಗಳದಲ್ಲಿ ಬೋರಲು ಹಾಕಿಸಿದ್ದರು. ಏನೇನು ತಿಂದು ಬಂದಿದ್ದೀಯೋ, ಹಿತ್ತಲಿಂದ ಹೋಗಿ ಮಿಂದು ಬಾ ಎಂದರು.

ಶಾರದ ಹಿತ್ತಲಿಂದಲೇ ಹೋಗಿ ಮಿಂದಳು. ಕೋಣೆಗೆ ಹೋಗಿ ಕೊರಳಿನ ಶಿವದಾರ ತೆಗೆದು, ಲಿಂಗವನ್ನು ಬೀರುವಿಗೆ ಎಸೆದಳು. ಅದು ಬೀರುವಿನ ಕಬ್ಬಿಣದ ಅಂಚಿಗೆ ತಾಗಿ, ಕಲ್ಲಿನ ಮೇಲೆ ಮೆತ್ತಿದ ಕಪ್ಪು ಲೇಪದಲ್ಲಿ ಒಂದು ಸಣ್ಣ ಚಕ್ಕೆ ಹಾರಿತು. ಎತ್ತಿ ರೇಷ್ಮೆ ಸೀರೆಯ ಕೆಳಗೆ ತಳ್ಳಿ ಬೀಗ ಹಾಕಿದಳು. ಮುಂದಿನ ಭಾನುವಾರ ಜಯಲಕ್ಷ್ಮಿಪುರಂನಲ್ಲಿದ್ದ ಗೆಳತಿಯ ಮನೆಗೆ ಹೋಗಿ ಕೋಳಿ ಸಾರು, ಮುದ್ದೆ ಉಂಡು ಬಂದು, ಮುಚ್ಚುಮರೆಯಿಲ್ಲದೆ ನನಗೆ ಹೇಳಿದಳು. ಅಂದಿನಿಂದ ಅತ್ತೆಯ ಪಾಲು ಎಂದು ಅನ್ನಕ್ಕೆ ಅಕ್ಕಿ ಹಾಕುವುದನ್ನು ನಿಲ್ಲಿಸಿದಳು. ಹಸು ಕೆಲವು ದಿನ ಗೇಟಿನ ಹತ್ತಿರ ನಿಂತು ನೋಡಿ ಬೇರೆ ಮನೆ ಹುಡುಕಿಕೊಂಡಿತು.

ವಿಚಿತ್ರವೆಂದರೆ ಅಲ್ಲಿಂದಾಚೆಗೆ ಮನೆಯಲ್ಲಿ ಜಗಳ ನಿಂತಿತು. ಶಾರದ ಮೈಕೈ ತುಂಬಿಕೊಂಡಳು, ಮಧ್ಯಾಹ್ನ ನಿದ್ದೆ ಮಾಡುವುದನ್ನು ಕಲಿತಳು. ನೀಲಮ್ಮನವರಿಗೇ ಅದನ್ನು ತಡೆಯಲಾಗಲಿಲ್ಲ. ಬೇಡ ಎನ್ನುವುದಕ್ಕೆ ಯಾರಾದರೂ ತಟ್ಟೆ ಮುಂದೆ ಹಿಡಿಯಬೇಕಲ್ಲ. ಇವತ್ತು ಏನು ಸಾರು ಮಾಡಿದ್ದೀಯೆ ಎಂದು ತಾವಾಗಿ ಕೇಳಲು ಶುರುಮಾಡಿದರು. ಶಾರದ ಸಾರಿನ ಹೆಸರು ಹೇಳುತ್ತಿದ್ದಳು, ತಟ್ಟೆ ಹಾಕುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಹೊತ್ತಿಗೆ ನೀಲಮ್ಮನವರ ಕಣ್ಣಿಗೆ ಪೊರೆ ಬಂತು. ಆಪರೇಷನ್ ಬೇಡವೇ ಬೇಡ ಎಂದರು. ಆಸ್ಪತ್ರೆಯಲ್ಲಿ ಲಿಂಗ ತೆಗೆಸುತ್ತಾರೆ, ಯಾರು ಯಾರೋ ಬೇಯಿಸಿದ್ದನ್ನು ತಿನ್ನಿಸುತ್ತಾರೆ ಎಂಬ ಭಯ. ಕಣ್ಣು ಹೋದರೂ ಸರಿ, ಮಡಿ ಹೋಗಬಾರದು. ಒಲೆಯ ಹತ್ತಿರ ನಿಲ್ಲಲು ಆಗದ ಮೇಲೆ, ತಮ್ಮವರೇ ಆದ ಗೌರಮ್ಮಣ್ಣಿ ಎಂಬ ಹೆಂಗಸನ್ನು ಅವರ ಅಡುಗೆಗೆ ಗೊತ್ತು ಮಾಡಿದರು. ಹತ್ತು ಗಂಟೆಗೆ ಬಂದು, ಒಂದು ಅನ್ನ ಒಂದು ಸಾರು ಮಾಡಿಟ್ಟು ಹೋಗುವಳು. ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. ನೀಲಮ್ಮನವರು ಅದನ್ನು ಪರಮಾನ್ನ ಎಂದು ಉಣ್ಣುತ್ತಿದ್ದರು.

ಪೂಜೆಯಾದ ಹೂವನ್ನು ಅವರು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ತುಳಿಯುವ ಜಾಗಕ್ಕೆ ಬೀಳಬಾರದೆಂದು ತಾವೇ ತಡವರಿಸಿಕೊಂಡು ಹೋಗಿ ಹಿತ್ತಲಿನ ಪಾಳುಬಾವಿಗೆ ಹಾಕುತ್ತಿದ್ದರು. ಎರಡು ಸಾವಿರದ ಮೂರರ ಒಂದು ಬೆಳಗ್ಗೆ, ಹೂವಿನ ಜೊತೆ ತಟ್ಟೆಯಲ್ಲಿದ್ದ ಲಿಂಗವನ್ನೂ ಬಾವಿಗೆ ಸುರಿದರು. ಪಕ್ಕದಲ್ಲೇ ಬಟ್ಟೆ ಒಗೆಯುತ್ತಿದ್ದ ಶಾರದಳಿಗೆ ಬುಳಕ್ ಎಂಬ ಸದ್ದು ಕೇಳಿಸಿತು. ಹೂವು ಬಿದ್ದರೆ ಸದ್ದಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಸೆರಗು ಹಿಂಡಿಕೊಂಡು ಒಗೆಯುತ್ತಲೇ ಇದ್ದಳು.

ಒಳಗೆ ಹೋಗಿ ಕರಡಿಗೆ ತೆರೆದಾಗ ನೀಲಮ್ಮನವರಿಗೆ ತಿಳಿಯಿತು. ಇಡೀ ಮನೆ ತಡಕಿದೆವು, ನಾನೂ ಮಂಚದ ಕೆಳಗೆ ನುಗ್ಗಿ ಹುಡುಕಿದೆ. ಲಿಂಗ ಹೋದರೆ ಪ್ರಾಣ ಹೋದ ಹಾಗೆ ಎಂದು ಅವರು ನೀರನ್ನೂ ಬಿಟ್ಟರು. ವಿಶ್ವನಾಥ್ ಮಠಕ್ಕೆ ಓಡಿದ, ಸ್ವಾಮಿಗಳು ಪ್ರವಾಸದಲ್ಲಿದ್ದರು. ಬೇರೆಯವರ ಕೈಯಿಂದ ಹೊಸ ಲಿಂಗ ತೆಗೆದುಕೊಳ್ಳಲು ಮುದುಕಿ ಒಪ್ಪಲಿಲ್ಲ. ಮಾರನೆಯ ದಿನ ಸಂಜೆಗೆ ನಾಲಿಗೆ ಒಣಗಿ ಮಾತು ತೊದಲಿತು. ಆಗ ಶಾರದ ಕೋಣೆಯಿಂದ ಬಂದು, ಒದ್ದೆ ಹೂವಿನ ಎಸಳಿನಲ್ಲಿ ಸುತ್ತಿದ ಲಿಂಗವನ್ನು ಅವರ ಅಂಗೈಗೆ ಇಟ್ಟು, ಹೂವಿನ ಬುಟ್ಟಿಯಲ್ಲಿತ್ತು ಎಂದಳು. ನೀಲಮ್ಮನವರು ಅದನ್ನು ಕಣ್ಣಿಗೆ ಒತ್ತಿಕೊಂಡು ಅತ್ತರು. ಗೌರಮ್ಮಣ್ಣಿಯನ್ನು ಕರೆಸಿ ಗಂಜಿ ಮಾಡಿಸಿಕೊಂಡು ಕುಡಿದರು.

ನಿಜ ನನಗೆ ತಿಳಿದದ್ದು ಆ ವಾರ, ಮಹಡಿಯ ಮೇಲೆ ಹಪ್ಪಳ ಒಣಗಿಸುವಾಗ. ಪಾಪ ಅನ್ನಿಸಿ ಬೀರುವಿನಲ್ಲಿದ್ದ ನಿನ್ನದನ್ನು ಕೊಟ್ಟೆಯಾ ಎಂದು ಕೇಳಿದೆ.

“ಪಾಪ ಎಲ್ಲಿಂದ ಬರ್ಬೇಕು ಸುಮಿತ್ರಮ್ಮ. ಸತ್ತಿದ್ರೆ ಊರೆಲ್ಲ ನನ್ ಹೆಸ್ರು ಹೇಳೋದು. ಆ ಲಿಂಗ ನನಗಂತೂ ಏನೂ ಕೊಡ್ಲಿಲ್ಲ, ಅವ್ರಿಗಾದ್ರೂ ಗಂಜಿ ಕೊಡ್ಲಿ ಬುಡಿ.”

ನಾಲ್ಕು ವರ್ಷ ಹಾಗೇ ಕಳೆಯಿತು. ಗೌಡರ ಮಗಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಗೌಡರ ಮಗಳ ಅನ್ನ ಮೈಲಿಗೆ ಎಂದು ನೀಲಮ್ಮನವರು ಬದುಕಿದರು. ಎರಡು ಸಾವಿರದ ಏಳರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದರು. ನಂಜನಗೂಡಿನಿಂದ ನೆಂಟರು ನೋಡಲು ಬಂದ ದಿನ ನಾನು ಬಿಸಿನೀರಿನ ಫ್ಲಾಸ್ಕ್ ಹಿಡಿದು ಅಲ್ಲೇ ನಿಂತಿದ್ದೆ. ಮುದುಕಿಗೆ ಅವತ್ತು ಹುರುಪು. ಲಿಂಗವನ್ನು ಎತ್ತಿ ತೋರಿಸಿ, ಐದು ವರ್ಷದವಳಿಗೆ ಕಟ್ಟಿದ್ದು, ಬಾವಿಯಂಥ ಕತ್ತಲೆಯಲ್ಲೂ ಬೆರಳಿಗೆ ಗುರುತು ಸಿಗುತ್ತದೆ ಎಂದರು. ಸೊಸೆಯ ಕಡೆ ತಲೆಯಾಡಿಸಿ, ಇಂಥವರು ಕಟ್ಟಿಸಿಕೊಂಡದ್ದು ಬರೀ ಕಲ್ಲು, ಮುಟ್ಟಿದರೇ ಗೊತ್ತಾಗುತ್ತದೆ ಎಂದರು. ನಾನು ಸತ್ತ ಮೇಲೆ ಗಣಾರಾಧನೆಯ ಅಡುಗೆಗೆ ಇವಳನ್ನು ಬಿಡಬೇಡಿ ಎಂದೂ ಹೇಳಿದರು.

ನೆಂಟರು ಎದ್ದು ಹೋದರು. ಶಾರದ ಅವರ ಕಾಫಿ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಜೋಡಿಸಿ ಇಟ್ಟು, ಮಂಚದ ಅಂಚಿನಲ್ಲಿ ಕೂತಳು.

“ನಿಮ್ದು ಬಾವೀಲಿದೆ ಅತ್ತೆ. ಹೂವಿನ್ ಜೊತೆ ನೀವೇ ಹಾಕುದ್ರಿ, ನನ್ ಕಿವಿಯಾರೆ ಕೇಳ್ದೆ. ಕೈಲಿರೋದು ನಂದು. ಪಕ್ಕದಲ್ಲಿ ಒಂದು ಚಕ್ಕೆ ಹಾರಿದೆ, ಮುಟ್ ನೋಡ್ಕೊಳಿ.”

ಸುಳ್ಳು ಎಂದರು ನೀಲಮ್ಮನವರು. ಆದರೆ ಅವರ ಹೆಬ್ಬೆರಳು ಹುಡುಕಲಿಲ್ಲ, ತಡಕಲಿಲ್ಲ, ನೇರವಾಗಿ ಆ ಚಕ್ಕೆಯ ಮೇಲೆ ಹೋಗಿ ನಿಂತಿತು. ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಸವರಿದ ಬೆರಳಿಗೆ ಅದು ಗೊತ್ತಿಲ್ಲದೆ ಇರುತ್ತದೆಯೆ? ಶಾರದಳೂ ಆ ಬೆರಳನ್ನು ನೋಡಿದಳು. ಮುದುಕಿ ಲಿಂಗವನ್ನು ಕೆಳಗಿಡಲಾರದೆ, ಹಿಡಿಯಲೂ ಆಗದೆ ಮುಷ್ಟಿ ಕಟ್ಟಿಕೊಂಡರು. ನನಗೆ ಅಯ್ಯೋ ಅನ್ನಿಸಿತು. ಶಾರದ ತಟ್ಟೆ ಎತ್ತಿಕೊಂಡು ಲೋಟ ತೊಳೆಯಲು ಹೋದಳು.

ಮಾರನೆಯ ದಿನ ಗೌರಮ್ಮಣ್ಣಿಯ ಅನ್ನ ಹಾಗೇ ಉಳಿಯಿತು. ಅದರ ಮಾರನೆಯ ಬೆಳಗ್ಗೆ ನೀಲಮ್ಮನವರು ಸೊಸೆಯನ್ನು ಹೆಸರು ಹಿಡಿದು ಕೂಗಿದರು. ಅಷ್ಟು ವರ್ಷಗಳಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಶಾರದಾ, ನೀನೇ ಒಂದು ಹಿಡಿ ಅನ್ನ ಮಾಡಿ ಹಾಕವ್ವ. ಉಣ್ತೀನಿ.”

ವಿಶ್ವನಾಥ್ ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತ. ಅವನಿಗೆ ಲಿಂಗದ ವಿಷಯ ಗೊತ್ತಿರಲಿಲ್ಲ. ಇಷ್ಟು ವರ್ಷಕ್ಕೆ ಶಿವ ಕಣ್ಣುಬಿಟ್ಟ ಎಂದು ಕಣ್ಣೊರೆಸಿಕೊಂಡ. ಶಾರದ ಸೊಪ್ಪು ಬಿಡಿಸುತ್ತಿದ್ದಳು. ಬಿಡಿಸುತ್ತಿದ್ದ ಕಡ್ಡಿಯನ್ನು ಮುಗಿಸಿ, ಗಡಿಯಾರ ನೋಡಿದಳು.

“ಗೌರಮ್ಮಣ್ಣಿ ಹತ್ ಗಂಟೆಗೆ ಬರ್ತಾರೆ ಅತ್ತೆ. ಅವ್ರು ಮಾಡ್ತಾರೆ.”

ಧ್ವನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರನೆಯ ದಿನವೂ ಮುದುಕಿ ಕೇಳಿದರು, ಅದರಾಚೆಯ ದಿನವೂ ಕೇಳಿದರು. ದಿನವೂ ಅದೇ ಉತ್ತರ. ಗಂಡ ಗೋಗರೆದ, ನಾನು ಬೈದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವುದನ್ನು ಸಾಧಿಸುತ್ತಿದ್ದೀಯಾ ಎಂದು ಕೇಳಿದೆ. ಅವಳು ನಿಜವಾಗಿ ಯೋಚಿಸಿ, ಸಾಧಿಸುವಷ್ಟು ಆಸೆ ಉಳಿದಿಲ್ಲ ಎಂದಳು. ಒಂದು ತಿಂಗಳೊಳಗೆ ನೀಲಮ್ಮನವರು ಹೋದರು. ಕೊನೆಯ ದಿನ ಗಂಜಿ ಕುಡಿಸಿದ್ದು ಗೌರಮ್ಮಣ್ಣಿ. ಅದರಲ್ಲಿ ಉಪ್ಪು ಇರಲಿಲ್ಲವಂತೆ.

ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಎಡಗೈಯ ಮೇಲೆ ಲಿಂಗ ಇಟ್ಟಿದ್ದರು. ಅದು ಅವರ ಜೊತೆಯಲ್ಲೇ ಮಣ್ಣಿಗೆ ಹೋಗಬೇಕು. ಪೂಜೆ ಮಾಡಿಸುತ್ತಿದ್ದ ಅಯ್ಯನವರು, ಸೊಸೆ ಲಿಂಗ ಧರಿಸಿ ಬಂದು ಪತ್ರೆ ಏರಿಸಲಿ ಎಂದರು. ಮನೆ ತುಂಬ ಜನ. ವಿಶ್ವನಾಥ್ ಹೆಂಡತಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಇವತ್ತೊಂದು ದಿನ ಹಾಕಿಕೊ, ಎಲ್ಲಿಟ್ಟಿದ್ದೀಯೆ, ನಾನೇ ತರುತ್ತೇನೆ ಎಂದ.

ಶಾರದ ಅತ್ತೆಯ ಅಂಗೈಯ ಕಡೆ ನೋಡಿದಳು.

“ಅಲ್ಲೇ ಐತಲ್ಲ, ನಿಮ್ಮವ್ವನ ಕೈಲಿ. ಇರ್ಲಿ ಬುಡಿ, ಹೂತುಬುಡಿ. ನಂಗೆ ಬೇಡ.”