ಬೂದಿಯ ಪ್ರೈಮರು, ಭಾವನ ಬೆರಳು

"ಮನುಷ್ಯರ ಬೆರಳಷ್ಟು ಹೊಲಸು ಈ ಲೋಕದಲ್ಲಿ ಇನ್ನೊಂದಿಲ್ಲ. ನಾಲಿಗೆಯಾದ್ರೂ ಬಾಯೊಳಗೆ ಬಿದ್ದಿರುತ್ತೆ, ಬೆರಳು ಎಲ್ಲಾ ಕಡೆ ಹೋಗುತ್ತೆ. ಕಿವಿ ಕೆರೆಯುತ್ತೆ, ಮೂಗು ಒರೆಸುತ್ತೆ, ಕರಿದದ್ದು ತಿನ್ನುತ್ತೆ, ಆಮೇಲೆ ಬಂದು ನನ್ನ ಸಾಮಾನು ಮುಟ್ಟುತ್ತೆ. ಮುಟ್ಟಿದ್ದು ಕಣ್ಣಿಗೆ ಕಾಣಲ್ಲ. ಪ್ಲಾಸ್ಟಿಕ್ಕು ಏನೂ ಆಗಿಲ್ಲ ಅನ್ನೋ ಹಾಗೆ ಹೊಳೀತಾನೇ ಇರುತ್ತೆ. ಬಣ್ಣಕ್ಕೆ ಮುಂಚೆ ಪ್ರೈಮರ್ ಹೊಡೆದ ಮೇಲೆ ಗೊತ್ತಾಗುತ್ತೆ. ಎಣ್ಣೆ ಬಾಣಲೆಗೆ ನೀರು ಚಿಮುಕಿಸಿದ ಹಾಗೆ ಅಲ್ಲಲ್ಲೇ ಹಿಂದಕ್ಕೆ ಸರಿದು, ಗುಂಡಗುಂಡಗೆ ಕಣ್ಣು ಬಿಡುತ್ತೆ. ಜನ ಕೇಳ್ತಾರೆ, ಒಳಗಡೆ ಬಳಿಯೋ ಬಣ್ಣ ಯಾರಿಗೆ ಕಾಣುತ್ತೆ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ ಅಂತ. ಒಳಗೆ ಹಾಕೋ ಬನಿಯನ್ನೂ ಯಾರಿಗೂ ಕಾಣಲ್ಲ, ಹಾಗಂತ ಒಗೆಯದೇ ಹಾಕ್ಕೊಳ್ತೀರಾ ಅಂತ ನಾನು ಕೇಳ್ತೀನಿ. ಕೇಳಿದ್ರೆ ಅರ್ಧ ಜನ ಮುಖ ಆ ಕಡೆ ತಿರುಗಿಸ್ತಾರೆ. ಅಂದ್ರೆ ಹಾಕ್ಕೊಳ್ತಾರೆ."

ಹೀಗೆ ಹೇಳುವವನನ್ನು ಬೀದಿಯ ಮಕ್ಕಳುಮರಿಯೆಲ್ಲ ಕರೆಯುವುದು ಬೂದಿ ಮಾಮ ಅಂತ. ದೊಡ್ಡವರಿಗೆ ಬರೀ ಬೂದಿ. ಹುಬ್ಬು, ಕಿವಿಯಂಚು, ಮುಂಗೈ ಕೂದಲು, ಎಲ್ಲದರ ಮೇಲೂ ಬೂದು ಪುಡಿ ಕೂತಿರುತ್ತದೆ. ಎಷ್ಟು ಉಜ್ಜಿ ಸ್ನಾನ ಮಾಡಿದರೂ ಎಲ್ಲೋ ಒಂದು ಕಡೆ ಉಳಿದೇ ಉಳಿಯುತ್ತದೆ. ಅವನ ಕೆಲಸ ಅಂಥದ್ದು. ಹಡಗು, ರೈಲು ಎಂಜಿನ್ನು, ಬಸ್ಸು, ಅವುಗಳ ಪಕ್ಕ ನಿಲ್ಲುವ ಹೆಬ್ಬೆರಳುದ್ದದ ಮನುಷ್ಯರು, ಎಲ್ಲವನ್ನೂ ಪ್ಲಾಸ್ಟಿಕ್ ತುಂಡುಗಳಿಂದ ನಿಜದ್ದರ ಅಳತೆ ತಪ್ಪದ ಹಾಗೆ ಪುಟ್ಟದಾಗಿ ಜೋಡಿಸಿ ಬಣ್ಣ ಹಾಕಿ ಕೊಡುತ್ತಾನೆ. ಯಾರಾದರೂ ಅದನ್ನು ಆಟಿಕೆ ಅಂದರೆ ಹಾಗಲಕಾಯಿ ಕಚ್ಚಿದವನ ಹಾಗೆ ಮುಖ ಮಾಡುತ್ತಾನೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಅಪ್ಪ ಬೀಗದಕೈಯಿಂದ ಕಿವಿ ಕೆರೆದುಕೊಂಡು ಅದೇ ಕೈಯಲ್ಲಿ ಬಿಸ್ಕತ್ತು ಕೊಟ್ಟರೆಂದು ಎದ್ದು ಬಂದವನು, ಮತ್ತೆ ಆ ಸುದ್ದಿಗೇ ಹೋಗಲಿಲ್ಲ.

ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆ ಅವನ ಕಾರ್ಖಾನೆ. ಕಿಟಕಿಗೆ ಹೊಂದಿಸಿದ ರಟ್ಟಿನ ಪೆಟ್ಟಿಗೆ, ಅದರ ಹಿಂದೆ ಗಾಳಿ ಹೊರಗೆಳೆಯುವ ಫ್ಯಾನು, ಮೇಜಿನ ಕೆಳಗೆ ಗುರುಗುಡುವ ಕಂಪ್ರೆಸರು, ಅದರ ಕೊಳವೆಯ ತುದಿಗೆ ಪೆನ್ನಿನ ಹಾಗೆ ಹಿಡಿಯುವ ಏರ್‌ಬ್ರಷ್ಷು. ಅದರ ನೆತ್ತಿಯ ಬಟ್ಟಲಿಗೆ ಬಣ್ಣ ಹುಯ್ದು ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಆದರೆ ಬಣ್ಣಕ್ಕೆ ಮುಂಚೆ ಪ್ರೈಮರ್ ಆಗಬೇಕು. ಅದಿಲ್ಲದೆ ಯಾವ ಬಣ್ಣವೂ ಪ್ಲಾಸ್ಟಿಕ್ಕನ್ನು ಕಚ್ಚಿಕೊಳ್ಳುವುದಿಲ್ಲ. ಮೇಲೆ ಕೆಂಪು ಬರುವುದಿದ್ದರೆ ಕೆಳಗೆ ಬಿಳಿ ಪ್ರೈಮರ್, ಇಲ್ಲದಿದ್ದರೆ ಆ ಕೆಂಪು ಒಣಗಿದ ರಕ್ತದ ಹಾಗೆ ಕಾಣುತ್ತದೆ. ಲೋಹದ ಹೊಳಪು ಬೇಕಾದಲ್ಲಿ ಕಪ್ಪು. ಮುಖ, ಬಟ್ಟೆಗಳಿಗೆ ಬೂದು, ಯಾಕೆಂದರೆ ಗೀರು, ಗುಳಿ ಎಲ್ಲ ಬೂದಿನ ಮೇಲೆ ಎದ್ದು ಕಾಣುತ್ತವೆ. ತೀರಾ ಹತ್ತಿರ ಹಿಡಿದರೆ ಸೋರುತ್ತದೆ, ದೂರ ಹಿಡಿದರೆ ದಾರಿಯಲ್ಲೇ ಒಣಗಿ ಮರಳಿನ ಹಾಗೆ ಹೋಗಿ ಕೂರುತ್ತದೆ. ಮೊದಲನೇ ಸಲ ಕನ್ನಡಿಗೆ ಉಸಿರು ಬಿಟ್ಟಷ್ಟೇ ತೆಳ್ಳಗೆ, ಅದು ಒಣಗಿದ ಮೇಲೆ ಇನ್ನೊಂದು. ಆಮೇಲೆ ಕೈ ಕಟ್ಟಿ ಕೂರಬೇಕು. ಮುಟ್ಟಿ ನೋಡುವ ಚಪಲದವರಿಗೆ ಈ ಕೆಲಸ ಅಲ್ಲ.

ಮುಟ್ಟಿ ನೋಡುವ ಚಪಲದವರು ಅಂದರೆ ಅವನ ಭಾವ.

ಭಾವ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ನಿವೃತ್ತಿಯಾದ ಮೇಲೆ ತಪಾಸಣೆ ಮನೆಯೊಳಗೆ ಶುರುವಾಯಿತು. ಸೋಪು ಯಾಕೆ ಇಷ್ಟು ಬೇಗ ಸವೆಯಿತು, ಹಾಲಿನ ಪಾತ್ರೆ ಯಾಕೆ ಮುಚ್ಚಿಲ್ಲ, ಫೋನಿನಲ್ಲಿ ಅಷ್ಟು ಹೊತ್ತು ಯಾರು. ಅಕ್ಕ ಒಂದು ದಿನ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ತಮ್ಮನ ಎದುರು ಕೂತಳು.

"ಬೆಳಗಿಂದ ಸಂಜೆ ತನಕ ನನ್ನ ಹಿಂದೇನೇ ಸುತ್ತುತಾರೆ ಕಣೋ, ನಾನೇನೋ ಟಿಕೆಟ್ ಇಲ್ಲದೆ ಅಡುಗೆಮನೆ ಹತ್ತಿದೀನಿ ಅನ್ನೋ ಹಾಗೆ. ಹಗಲು ಹೊತ್ತು ನಿನ್ನ ಹತ್ರ ಇಟ್ಕೋ. ಕೈಗೆ ಏನಾದ್ರೂ ಕೆಲಸ ಕೊಡು."

ಬೂದಿ ಇಲ್ಲವೆನ್ನಲಾರ. ತಂದೆ ತಾಯಿ ಇಲ್ಲದ ಅವನು ಅಕ್ಕನ ಮದುವೆಯಾದಾಗ ಅವಳ ಬೆನ್ನಿಗೇ ಆ ಮನೆಗೆ ಹೋಗಿ ಬೆಳೆದವನು. ಹೆಂಡತಿಯ ತಮ್ಮ ಬಿಟ್ಟಿ ಕೂಳಿಗೆ ಬಂದ ಅನ್ನುವ ಮಾತು ಭಾವನ ಬಾಯಿಂದ ಒಂದು ದಿನವೂ ಬಂದಿಲ್ಲ. ಜ್ವರದಲ್ಲಿ ವಾಂತಿ ಬಂದಾಗ ಅಂಗೈ ಒಡ್ಡಿ ಹಿಡಿದವರು ಅವರು. ಈಗಲೂ ಆ ಮನೆಯೊಂದೇ ಬೂದಿ ಚಪ್ಪಲಿ ಬಿಟ್ಟು ನೇರ ಒಳಗೆ ಹೋಗುವ ಮನೆ. ಅಂಥವರು ಬಂದು ಪಕ್ಕದಲ್ಲಿ ಕೂತರೆ ಹೋಗಿ ಅನ್ನುವುದು ಹೇಗೆ?

ಬಂದು ಕೂತರು. ಅವರ ಜೊತೆ ಮಂಡಿ ನೋವಿನ ಮುಲಾಮಿನ ಡಬ್ಬಿಯೂ ಬಂತು. ಹಸಿರು ಬಣ್ಣದ, ಮೂಗಿಗೆ ಹೊಡೆಯುವ, ಜಿಡ್ಡಿನ ಮುಲಾಮು. ಪ್ಯಾಂಟನ್ನು ಮಂಡಿಯ ಮೇಲಕ್ಕೆ ಸುತ್ತಿ, ಗಸಗಸ ತಿಕ್ಕಿ, ಕೈಯನ್ನು ಪ್ಯಾಂಟಿಗೇ ಅರ್ಧ ಒರೆಸಿ, ಇದೇನಿದು ಗಾಲಿಯೋ ಅಂತ ತುಂಡೊಂದನ್ನು ಎತ್ತಿಕೊಳ್ಳುತ್ತಿದ್ದರು. ಜೋಡಿಸುವ ವಿಧಾನ ಬರೆದ ಹಾಳೆಗಳನ್ನು ಹೆಬ್ಬೆರಳಿಗೆ ಎಂಜಲು ಹಚ್ಚಿ ತಿರುವುತ್ತಿದ್ದರು. ಹಾಳೆಯ ಮೂಲೆಗಳು ಮೆತ್ತಗಾದವು. ಬೂದಿ ಅವುಗಳನ್ನು ಚಿಮ್ಮಟದಲ್ಲಿ ಹಿಡಿದು ತಿರುವಲು ಕಲಿತ.

ಅದೇ ಹೊತ್ತಿಗೆ ಊರಿನ ಅಗ್ನಿಶಾಮಕ ಠಾಣೆಯವರ ಕೆಲಸ ಕೈಗೆ ಬಂದಿತ್ತು. ಅವರ ಹಳೆಯ ಏಣಿ ಬಂಡಿ ಗುಜರಿಗೆ ಹೋಗುವುದಿತ್ತು. ಅದರ ಪುಟ್ಟ ಮಾದರಿ, ಪಕ್ಕದಲ್ಲಿ ಟೊಪ್ಪಿಗೆ ಹಾಕಿದ ಸಿಬ್ಬಂದಿಯ ಸಾಲು, ಎಲ್ಲವನ್ನೂ ಠಾಣೆಯ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಬೇಕೆಂದು ಅವರ ಆಸೆ. ಬಂಡಿ ಹೊರಡುವ ದಿನಕ್ಕೆ ಮುಗಿಸಿ ಕೊಡುತ್ತೇನೆ ಅಂತ ಬೂದಿ ಮಾತು ಕೊಟ್ಟಿದ್ದ.

ತುಂಡುಗಳನ್ನು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಕೈಗವಸು ಹಾಕಿ, ಬಂಡಿಯ ಬಾಗಿಲುಗಳಿಗೆ ನೀರಿನ ಪ್ರೈಮರ್ ಹೊಡೆದ. ಏರ್‌ಬ್ರಷ್ಷಿನ ಮೂತಿಯಿಂದ ಸಣ್ಣ ಮಂಜಿನ ಹಾಗೆ ಚೆನ್ನಾಗಿಯೇ ಬಂತು. ನೋಡ ನೋಡುತ್ತಿದ್ದ ಹಾಗೆ ಒಂದು ಬಾಗಿಲ ನಡುವೆ ಪ್ರೈಮರ್ ಸರಿದು ಕಣ್ಣು ಬಿಟ್ಟಿತು. ಒಣಗಿದ ಮೇಲೆ ಉಗುರು ತಾಗಿಸಿದರೆ ಹಾಲಿನ ಕೆನೆಯಂತೆ ಇಡಿಯಾಗಿ ಎದ್ದು ಬಂತು. ಆ ಪೊರೆಯ ಒಳಮೈಯಲ್ಲಿ ಹೆಬ್ಬೆರಳಿನ ಗೆರೆಗೆರೆಯೂ ಮೂಡಿತ್ತು. ಮೂಸಿದ. ಮುಲಾಮು. ತೊಳೆದಿಟ್ಟ ಮೇಲೆ ಭಾವ ಎತ್ತಿ ನೋಡಿದ್ದರು. ಬೂದಿ ಆ ಪೊರೆಯನ್ನು ಚಿಮ್ಮಟದಲ್ಲಿ ಹಿಡಿದು ಕಸದ ಡಬ್ಬಿಗೆ ಹಾಕಿದ.

ಯಾಕೆ ಹೀಗಾಯಿತು ಅಂತ ಭಾವ ಕುತ್ತಿಗೆ ಚಾಚಿ ಕೇಳಿದರು. ನಿಮ್ಮ ಕೈ ಅನ್ನುವ ಮಾತು ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು.

"ಪ್ರೈಮರ್ ಸರಿ ಇಲ್ಲ ಭಾವ," ಅಂದ.

ಭಾವ ಅದನ್ನು ಸುಮ್ಮನೆ ಬಿಡುವ ಜಾತಿಯಲ್ಲ. ಬಾಟಲಿ ಹಿಡಿದು ಬಣ್ಣದ ಅಂಗಡಿಗೆ ಹೋಗಿ ಜಗಳ ತೆಗೆದು ಬೇರೆ ಬಾಟಲಿ ತಂದರು. ಅದೂ ಎದ್ದು ಬಂತು, ಯಾಕೆಂದರೆ ಅದನ್ನು ಹೊಡೆಯುವ ಮುಂಚೆಯೂ ಅವರು ಮುಟ್ಟಿದ್ದರು. ಈ ಸಲ ತೀರಾ ಗಟ್ಟಿ ಅಂದ ಬೂದಿ. ಮುಂದಿನ ಸಲ ತೀರಾ ನೀರು ಅಂದ. ಹೀಗೆ ಒಂದೊಂದು ಕಂಪನಿಗೂ ಒಂದೊಂದು ಕುಂಟುನೆಪ. ಪ್ರತಿ ಸಲವೂ ಸ್ಪಿರಿಟ್ಟಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಹಿಸುಕಿದ ಹುಣ್ಣಿನ ಕೀವಿನಂಥ ಆ ಬಿಳಿ ಲೋಳೆಯನ್ನು ಉಗುರು ಸಂದಿಯಿಂದ ತೆಗೆಯುವ ಶಿಕ್ಷೆ ಅವನದೇ. ತುಂಡುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಇಟ್ಟು ನೋಡಿದ. ಮುಚ್ಚಿದ್ದು ಕಂಡರೆ ತೆರೆದು ನೋಡುವುದು ಭಾವನಿಗೆ ಸರ್ವೀಸಿನಿಂದ ಬಂದ ಅಭ್ಯಾಸ. ನೀನೇ ಒಂದು ಮಾತು ಹೇಳು ಅಂತ ಅಕ್ಕನ ಹತ್ತಿರ ಗೋಗರೆದ. ತನ್ನ ಮಾತು ಅವರಿಗೆ ಗೋಡೆ ಗಡಿಯಾರದ ಸದ್ದಿನ ಹಾಗೆ, ಕಿವಿಗೇ ಬೀಳುವುದಿಲ್ಲ, ನೀನು ಹೇಳಿದರೆ ಕೇಳಿಯಾರು ಅಂತ ಅವಳು ವಾಪಸು ಅವನ ತಲೆಗೇ ಕಟ್ಟಿದಳು.

ಕೊನೆಗೆ ಭಾವ ಅಂಗಡಿಯಲ್ಲಿ ನಾಲ್ಕು ಗಿರಾಕಿಗಳ ಎದುರು, ಇದು ಕಲಬೆರಕೆ ಮಾಲು, ನೀನು ಕಳ್ಳ ಅಂದುಬಿಟ್ಟರು. ಮೆಟ್ಟಿಲು ಹತ್ತಿ ಬಂದು ಅದನ್ನೇ ಗೆದ್ದು ಬಂದವರ ಹಾಗೆ ಹೇಳಿದಾಗ ಬೂದಿ ಏರ್‌ಬ್ರಷ್ಷಿನ ಬಟ್ಟಲೊಳಗೆ ಕಣ್ಣು ನೆಟ್ಟು ಕೂತ.

ಭಾವ ಮಂಡಿ ತೋರಿಸಲು ಡಾಕ್ಟರ ಹತ್ತಿರ ಹೋದ ದಿನ ಬಂಡಿಗೆ ಬಿಳಿ ಪ್ರೈಮರ್ ಮೊಟ್ಟೆಯ ಚಿಪ್ಪಿನ ಹಾಗೆ ಕೂತಿತು. ಇನ್ನು ಉಳಿದದ್ದು ಸಿಬ್ಬಂದಿಯ ಬೊಂಬೆಗಳು. ಅವುಗಳನ್ನು ಒಂದೊಂದು ಕಡ್ಡಿಯ ತುದಿಗೆ ಅಂಟಿಸಿ ನಿಲ್ಲಿಸಿ, ಮಾರನೆಯ ಬೆಳಿಗ್ಗೆ ಟೊಪ್ಪಿಗೆಯ ಬಣ್ಣ ಸರಿಯಾಗಿ ನೋಡಿಕೊಂಡು ಬರಲು ಠಾಣೆಗೆ ಹೋದ. ತಿರುಗಿ ಬರುವಾಗ ಕೆಳಗಿನ ಇಸ್ತ್ರಿಯವನು ಮೂಗಿಗೆ ಬಟ್ಟೆ ಹಿಡಿದು, ಮೇಲೆ ಏನು ಸುಡುತ್ತಿದ್ದೀರಿ ಅಂತ ಕೇಳಿದ. ಮೆಟ್ಟಿಲ ಮೇಲೆಲ್ಲ ತಲೆ ಗಿರ್ರೆನ್ನುವ ವಾಸನೆ.

ಭಾವ ಕೋಣೆಯ ನಡುವೆ ನಿಂತಿದ್ದರು. ಕೈಯಲ್ಲಿ ಕಾರಿನ ಮೈಗೆ ಹೊಡೆಯುವ ಪ್ರೈಮರಿನ ಸ್ಪ್ರೇ ಡಬ್ಬಿ.

"ಬಾ ಬಾ. ಕಾರ್ ರಿಪೇರಿಯವನ ಹತ್ರ ಕೇಳಿ ತಂದೆ. ಉಗುರಲ್ಲಿ ಕೆರೆದು ನೋಡು, ಬಿಡಲ್ಲ."

ತೊಟ್ಟಿಕ್ಕುವಷ್ಟು ಹೊಡೆದಿದ್ದರು. ಕಡ್ಡಿಗಳ ಮೇಲೆ ನಿಂತಿದ್ದವರ ಮೂಗು ಗಲ್ಲಕ್ಕೆ ಇಳಿದಿತ್ತು. ಕಣ್ಣೂ ಬಾಯೂ ಒಂದೇ ಗುಳಿಯಾಗಿದ್ದವು. ಬೆರಳುಗಳು ಒಂದಕ್ಕೊಂದು ಅಂಟಿ ಬಾತುಕೋಳಿಯ ಪಾದವಾಗಿದ್ದವು. ಒಬ್ಬನ ಟೊಪ್ಪಿಗೆ ಕರಗಿ ಕಿವಿಯ ಮೇಲೆ ಮೇಣದ ಹಾಗೆ ಜೋತಾಡುತ್ತಿತ್ತು. ಬೆಂಕಿ ಆರಿಸುವವರು ಬೆಂಕಿಗೆ ಬಿದ್ದು ಎದ್ದು ಬಂದ ಹಾಗಿದ್ದರು.

"ಬಿಡಲ್ಲ ಭಾವ," ಅಂದ ಬೂದಿ. "ಪ್ಲಾಸ್ಟಿಕ್ಕನ್ನೇ ಕರಗಿಸಿ ಒಳಗೆ ಹೋಗಿದೆ. ಇನ್ನೆಲ್ಲಿ ಬಿಡುತ್ತೆ."

ಭಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮುಖ ಸಣ್ಣದಾಯಿತು.

"ಹಾಗಾದ್ರೆ ಈ ಪ್ರೈಮರೂ ಸರಿ ಇಲ್ವಾ?"

ಅಷ್ಟು ಕೇಳಿದ್ದೇ ತಡ, ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಬೂದಿಯ ಬಾಯಿಂದ ಬಂತು.

"ಯಾವ ಪ್ರೈಮರೂ ಕೆಟ್ಟಿರಲಿಲ್ಲ. ಮೊದಲನೇದೂ ಚೆನ್ನಾಗೇ ಇತ್ತು. ಕೆಟ್ಟಿದ್ದು ನಿಮ್ಮ ಕೈ. ಮಂಡಿಗೆ ತಿಕ್ಕಿದ ಕೈಯಲ್ಲೇ ಎಲ್ಲಾ ಮುಟ್ಟುತೀರ, ಎಂಜಲು ಹಚ್ಚುತೀರ. ನಿಮ್ಮ ಕೈ ಕಂಡ್ರೆ ನನಗೆ ಹೇಸಿಗೆ ಆಗುತ್ತೆ."

ಕೊನೆಯ ಮಾತು ಹೇಳಬೇಕೆಂದು ಅವನು ಎಣಿಸಿರಲಿಲ್ಲ. ಭಾವ ಅಂಗೈಯನ್ನು ಮೇಲೆ ಕೆಳಗೆ ಮಾಡಿ ನೋಡಿಕೊಂಡರು. ಮೂಸಿಕೊಂಡರು.

"ಮೊದಲನೇ ದಿನಾನೇ ಗೊತ್ತಿತ್ತಾ?"

"ಗೊತ್ತಿತ್ತು."

"ಕೈ ಹೊಲಸು ಅಂದಿದ್ರೆ ತೊಳ್ಕೋತಿದ್ದೆ. ಸೋಪಿಗೇನು ಬರವಾ? ನಿನ್ನ ಮಾತು ನಂಬಿ ಆ ಅಂಗಡಿಯವನನ್ನ ಕಳ್ಳ ಅಂದೆನಲ್ಲೋ. ಇಡೀ ಸರ್ವೀಸಲ್ಲಿ ಟಿಕೆಟ್ ಇದ್ದವನನ್ನ ಒಂದು ಸಲಾನೂ ಕೆಳಗಿಳಿಸಿದವನಲ್ಲ ನಾನು."

ಡಬ್ಬಿ ಮೇಜಿನ ಮೇಲಿಟ್ಟು, ನಡಿ ಅಂದರು. ಮುಂದೆ ಕುಂಟುತ್ತಾ ಅವರು, ಹಿಂದೆ ಬೂದಿ. ಅಂಗಡಿಯಲ್ಲಿ ಭಾವ ಮೊದಲು ತಾವೇ ಕೈ ಮುಗಿದರು. ಆಮೇಲೆ ಭಾಮೈದನ ಕಡೆ ತಿರುಗಿದರು. ಗಿರಾಕಿಗಳು ಇದ್ದರು. ಬೂದಿ ತಲೆ ತಗ್ಗಿಸಿ, ಪ್ರೈಮರ್ ಚೆನ್ನಾಗಿತ್ತು, ಸುಳ್ಳು ಹೇಳಿದ್ದು ತಾನು ಅಂತ ಒಪ್ಪಿಕೊಂಡ. ಮುಲಾಮಿಗಾದರೂ ವಾಸನೆ ಇರುತ್ತದೆ, ಬಂದದ್ದು ಗೊತ್ತಾಗುತ್ತದೆ. ತಾನು ಆಡಿದ ಸುಳ್ಳಿಗೆ ಅದೂ ಇರಲಿಲ್ಲವಲ್ಲ ಅಂತ ಅನ್ನಿಸಿ ಅವನಿಗೆ ತನ್ನ ಬಾಯಿಯ ಮೇಲೇ ಅಸಹ್ಯವಾಯಿತು.

ಅಂಗಡಿಯವನು ಸಿಟ್ಟಾಗಲಿಲ್ಲ. ಬಾಟಲಿ ವಾಪಸು ತರುವವರಲ್ಲಿ ಮುಕ್ಕಾಲು ಪಾಲು ಇಂಥವರೇ ಅಂದ. ತೊಳೆಯದೆ ಹೊಡೆಯುತ್ತಾರೆ, ಒಣಗುವ ಮುಂಚೆ ಮುಟ್ಟುತ್ತಾರೆ, ಬಂದು ಬಾಟಲಿಯನ್ನು ಬೈಯುತ್ತಾರೆ. ತನಗೋ ಜಗಳ ಆಡಲು ಬರುವುದಿಲ್ಲ, ಹಿರಿಯರಿಗೆ ಚೆನ್ನಾಗಿ ಬರುತ್ತದೆ, ಹಗಲು ಬಂದು ಗಲ್ಲಾಪೆಟ್ಟಿಗೆಯ ಹತ್ತಿರ ಕೂತರೆ ಉಪಕಾರವಾಗುತ್ತದೆ ಅಂದ. ಅವನು ತಮಾಷೆಗೆ ಅಂದನೋ ಏನೋ. ಭಾವ ಮಾರನೆಯ ದಿನವೇ ಹೋಗಿ ಕೂತರು.

ಬೂದಿ ಬೇರೆ ಬೊಂಬೆಗಳನ್ನು ತಂದು, ತೊಳೆದು, ಬೂದು ಪ್ರೈಮರ್ ಹೊಡೆದು, ಮುಖ ಬರೆದು, ಬಂಡಿ ಹೊರಡುವ ದಿನಕ್ಕೆ ಠಾಣೆಯವರ ಕೈಗಿಟ್ಟ. ಕೋಣೆ ಪೂರ್ತಿ ಅವನದಾಯಿತು. ಬೇಕಾದದ್ದು ಅದೇ ಆಗಿತ್ತು. ಆದರೆ ಅಕ್ಕನ ಮನೆಗೆ ಊಟಕ್ಕೆ ಹೋದರೆ ಭಾವ ಬಡಿಸುವ ಮುಂಚೆ ನಲ್ಲಿಯ ಕೆಳಗೆ ಒಂದೊಂದೇ ಬೆರಳು ತಿಕ್ಕಿ ತೊಳೆದು, ಟವೆಲ್ಲಿನಲ್ಲಿ ಒರೆಸಿ, ಅವನಿಗೆ ಕಾಣುವ ಹಾಗೆ ಬೆಳಕಿಗೆ ಹಿಡಿಯುತ್ತಾರೆ. ಮಾತು ಬಿಟ್ಟಿಲ್ಲ, ನಗುತ್ತಲೇ ಬಡಿಸುತ್ತಾರೆ. ಎರಡನೇ ಸಲ ಬಡಿಸಲು ಬಂದರೆ ಬೂದಿ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾನೆ. ಬಿಡೋ, ಸರಿ ಹೋಗುತ್ತಾರೆ ಅಂತ ಅಕ್ಕ ಪಾತ್ರೆ ಎತ್ತುತ್ತಾ ಹೇಳುತ್ತಾಳೆ. ಅವಳಿಗಂತೂ ಅಡುಗೆಮನೆ ವಾಪಸು ಸಿಕ್ಕಿದೆ.

ಅಂಗಡಿಯಲ್ಲಿ ಈಗ ಪ್ರೈಮರ್ ಎದ್ದು ಬಂತು ಅಂತ ಯಾರೇ ಬಂದರೂ ಭಾವ ಮೊದಲು ಕೇಳುವುದು ಕೈ ತೋರಿಸಿ ಅಂತ. ಕೋಟು ಹಾಕಿದವರೂ ತೋರಿಸಬೇಕು. ಮೊನ್ನೆ ಬಿಳಿ ಪ್ರೈಮರ್ ಮುಗಿದು ಬೂದಿಯೂ ಹೋಗಿ ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ಭಾವ ತಲೆಯೆತ್ತಿ, ಇಷ್ಟು ವರ್ಷ ಅವನನ್ನು ನೀನು ಅಂತಲೇ ಮಾತಾಡಿಸುತ್ತಿದ್ದವರು, "ನಿಮಗೇನು ಬೇಕಿತ್ತು?" ಅಂದರು. ಹಿಂದಿದ್ದವರು ಕಾಯುತ್ತಿದ್ದರು. ಬೂದಿ ಬೇಕಾದದ್ದು ಹೇಳಿ, ಬಾಟಲಿ ತೆಗೆದುಕೊಂಡು ಬಂದ.

ಸಂಜೆ ಬೆಳಕಿರುವಾಗಲೇ ಕೆಲಸ ನಿಲ್ಲಿಸಿ ಏರ್‌ಬ್ರಷ್ಷು ತೊಳೆಯಲು ಕೂತ. ಬಟ್ಟಲಿಗೆ ನೀರು ಹುಯ್ದು, ಮೂತಿಗೆ ಬಟ್ಟೆ ಒತ್ತಿ ಹಿಡಿದು ಗುಂಡಿ ಒತ್ತಿದ. ಬುಳಬುಳ ಗುಳ್ಳೆ ಎದ್ದು ಒಳಗೆ ಹಿಡಿದುಕೊಂಡಿದ್ದ ಪ್ರೈಮರ್ ಮೇಲೆ ಬಂತು. ಆ ಕೊಳೆಯನ್ನು ತಗಡಿನ ಡಬ್ಬಿಗೆ ಚೆಲ್ಲಿದ. ಹಿಂಬದಿಯಿಂದ ಸೂಜಿ ಎಳೆದರೆ ತುದಿಗೆ ಸಿಂಬಳದ ಹಾಗೆ ಒಂದು ಎಳೆ ಅಂಟಿಕೊಂಡಿತ್ತು. ಮುಖ ಕಿವುಚಿಕೊಂಡು ಅದನ್ನು ಚಿಂದಿಯಲ್ಲಿ ಒರೆಸಿ, ಬಟ್ಟಲಿಗೆ ಇನ್ನೊಂದು ಸಲ ನೀರು ಹುಯ್ದ.