ಸೆಲೀನ್ ಬಾಯಿಯ ಪಥ್ಯದ ಪುಸ್ತಕ

ಬೆಳ್ಮಣ್ ಪೇಟೆಯಿಂದ ಐದು ನಿಮಿಷ ನಡೆದರೆ ಸಿಗುವ ಹಂಚಿನ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಸೆಲೀನ್ ಬಾಯಿ ಮೂವತ್ತೊಂದು ವರ್ಷಗಳಿಂದ ಮದುಮಗಳ ಗೌನು ಹೊಲಿಯುತ್ತಿದ್ದಾರೆ. ಯಂತ್ರದ ಕೆಲಸಕ್ಕೆ ಬೇರೆಯವರೂ ಇದ್ದಾರೆ. ಆದರೆ ತೋಳಿಗೆ, ಕುತ್ತಿಗೆಗೆ ಮಣಿ ಕೂರಿಸಬೇಕಾದರೆ ಕಾರ್ಕಳದವರೂ ಕಾಪುವಿನವರೂ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಮಣಿ ಅಕ್ಕಿಯ ನುಚ್ಚಿಗಿಂತ ದೊಡ್ಡದಲ್ಲ. ಅದನ್ನು ಕಾಣುವುದು ಕಣ್ಣಾದರೂ ಅದರ ಜಾಗವನ್ನು ಬಲ್ಲದ್ದು ಬೆರಳ ತುದಿ.

ಆ ಬೆರಳುಗಳು ಮೂರು ವರ್ಷಗಳಿಂದ ಅವರ ಮಾತು ಕೇಳುತ್ತಿರಲಿಲ್ಲ. ಮೊದಲು ತುರಿಕೆ, ಆಮೇಲೆ ಕೆಂಪು ಗಂಧೆ, ಬೆಳಗಾಗುವಷ್ಟರಲ್ಲಿ ಕದಳಿ ಬಾಳೆಯ ಚಿಪ್ಪಿನಂತೆ ಊದಿಕೊಂಡು ಒಂದಕ್ಕೊಂದು ತಾಗುವ ಐದು ಬೆರಳು. ಮಾತ್ರೆ ನುಂಗಿದರೆ ಊತ ಇಳಿಯುತ್ತಿತ್ತು, ಜೊತೆಗೆ ನಿದ್ದೆ ಹತ್ತಿ ಕಣ್ಣೂ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಮಣಿಪಾಲದ ಒಂದು ಕ್ಲಿನಿಕ್ಕಿನಲ್ಲಿ ಆಹಾರದ ಸಲಹೆ ಕೊಡುವ ಸುಕೇಶ್ ಎಂಬ ತರುಣ ಹೀಗೆ ಹೇಳಿದ: "ಆಂಟಿ, ಯಾವುದು ಆಗುವುದಿಲ್ಲ ಅಂತ ನಮಗೆ ಗೊತ್ತಿಲ್ಲ. ಹಾಗಾಗಿ ಸಂಶಯ ಇರುವ ಎಲ್ಲವನ್ನೂ ನಾಲ್ಕು ವಾರ ಬಿಡುವ. ಆಮೇಲೆ ಒಂದೊಂದನ್ನೇ ವಾಪಸ್ ತರುವ. ಕಳ್ಳ ಯಾರಂತ ಆಗ ಗೊತ್ತಾಗ್ತದೆ."

ಸಕ್ಕರೆ, ಬೆಲ್ಲ, ಹಾಲು, ಮೊಟ್ಟೆ, ಸಿಗಡಿ, ನೆಲಗಡಲೆ, ಬದನೆ. ಬಾಯಿಗೆ ಹೋದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು.

ಕಳ್ಳನನ್ನು ಹುಡುಕುವ ಕೆಲಸ ಸೆಲೀನ್ ಬಾಯಿಗೆ ಒಗ್ಗುವಂಥದ್ದೇ. ಬಾಯಲ್ಲಿ ಹೇಳಿದ ಅಳತೆಯನ್ನು ಅವರು ಎಂದೂ ನಂಬಿದವರಲ್ಲ. ಹುಡುಗಿಯರು ಸೊಂಟವನ್ನು ಒಂದು ಇಂಚು ಕಡಿಮೆ ಹೇಳುತ್ತಾರೆ, ತಾಯಂದಿರು ಅದಕ್ಕಿಂತ ಇನ್ನೊಂದು ಇಂಚು. ಟೇಪು ಹಿಡಿದು ಮೂರು ಸಲ ನೋಡಿದ ಮೇಲೆಯೇ ಅವರು ಬಟ್ಟೆಗೆ ಕತ್ತರಿ ಹಾಕುವುದು. ಆಗಸ್ಟ್ ಇಪ್ಪತ್ತರಂದು ಪಥ್ಯ ಹಿಡಿದರು. ಉಪ್ಪಿನಕಾಯಿಯ ಬಾಟಲಿಯ ಹಿಂದಿನ ಅಕ್ಷರಗಳನ್ನು ಭೂತಕನ್ನಡಿಯಲ್ಲಿ ಓದಿ, ಅದರಲ್ಲಿ ಸಕ್ಕರೆ ಇದೆಯೆಂದು ಕಂಡು, ಬಾಟಲಿಯನ್ನೇ ಗಂಡನ ಕಡೆಗೆ ದೂಡಿದರು. ಹನ್ನೊಂದನೆಯ ದಿನ ಬೆರಳಿನಲ್ಲಿ ಮದುವೆಯ ಉಂಗುರ ಸಲೀಸಾಗಿ ತಿರುಗಿತು. ಹದಿನೈದನೆಯ ದಿನ, ಕಾಪುವಿನ ಶಾರ್ಲೆಟ್ ಎಂಬ ಹುಡುಗಿಯ ಗೌನಿನ ಎಡ ತೋಳಿಗೆ ಮಣಿ ಹಾಕಲು ಕುಳಿತರು. ಮದುವೆ ನವೆಂಬರಿನಲ್ಲಿ. ಎರಡು ತೋಳು, ಒಂದು ಕುತ್ತಿಗೆ, ನಾಲ್ಕು ಸಾವಿರ ಮಣಿ. ಈ ಗೌನು ಮುಗಿಯದಿದ್ದರೆ ಇನ್ನು ಮಣಿ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲವೆಂದು ಅವರು ಮನಸ್ಸಿನಲ್ಲೇ ನಿರ್ಧರಿಸಿದ್ದರು. ಗಂಡನಿಗೂ ಹೇಳಿರಲಿಲ್ಲ.

ಇಪ್ಪತ್ತೆರಡನೆಯ ದಿನ, ಸೆಪ್ಟೆಂಬರ್ ಹತ್ತರ ಬೆಳಿಗ್ಗೆ, ಬೆರಳುಗಳು ಮತ್ತೆ ಊದಿದ್ದವು.

ಅವರು ಮಂಚದ ಮೇಲೆ ಕುಳಿತೇ ಪುಸ್ತಕ ತೆರೆದರು. ಅನ್ನ, ಹೀರೆಕಾಯಿ, ಅಳಸಂಡೆ, ಬಂಗುಡೆ, ಗಂಜಿ. ಪುಟದ ಮೇಲೆ ಪುಟ ಶುದ್ಧವಾಗಿತ್ತು. ಪುಸ್ತಕ ಶುದ್ಧವಿದ್ದು ಕೈ ಊದಿದೆಯೆಂದರೆ ಯಾರೋ ಏನೋ ಮಾಡಿದ್ದಾರೆ.

ಅಡುಗೆಮನೆಯಲ್ಲಿ ಹುಲಿಗೆವ್ವ ತೆಂಗಿನಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಕೊಪ್ಪಳದ ಕಡೆಯವಳು. ಗಂಡ ಯಮನೂರ ಕಾಂಕ್ರೀಟು ಕೆಲಸಕ್ಕೆ ಹೋಗುತ್ತಾನೆ. ನಾಲ್ಕು ವರ್ಷಗಳಿಂದ ಈ ಮನೆಯಲ್ಲಿ ಅಡುಗೆ, ಪಾತ್ರೆ, ನೆಲ ಎಲ್ಲ ಅವಳದೇ. ಸೆಲೀನ್ ಬಾಯಿ ಬಾಗಿಲಲ್ಲಿ ನಿಂತು ನೋಡಿದರು. ಹುಣಸೆಹುಳಿ ಹಿಂಡಿದ ಮೇಲೆ ಅವಳ ಕೈ ಒಂದು ಕ್ಷಣ ಮೇಲಿನ ಹಲಗೆಯ ಕಡೆಗೆ ಹೋಗಿ ವಾಪಸ್ ಬಂತು. ಆ ಹಲಗೆಯ ಮೇಲೆಯೇ ಬೆಲ್ಲದ ಡಬ್ಬಿ ಇರುವುದು. ಸಾರಿಗೆ ಒಂದು ಚೂರು ಬೆಲ್ಲ ಹಾಕುವುದನ್ನು ಅವಳಿಗೆ ಕಲಿಸಿದವರು ಸೆಲೀನ್ ಬಾಯಿಯೇ.

ಅಂದು ಮಧ್ಯಾಹ್ನ ಅವರು ಸಾರನ್ನು ಮೂಸಿ ಬದಿಗಿಟ್ಟರು. ಹುಲಿಗೆವ್ವ ಮನೆಗೆ ಹೋದ ಮೇಲೆ ಬೆಲ್ಲದ ಡಬ್ಬಿಯ ಮುಚ್ಚಳಕ್ಕೆ ಬಿಳಿ ನೂಲು ಸುತ್ತಿ ಗಂಟು ಹಾಕಿದರು. ಅದು ಮಣಿ ಹೊಲಿದು ಮುಗಿಸುವಾಗ ಹಾಕುವ ಗಂಟು. ಬೇರೆ ಯಾರಾದರೂ ಬಿಚ್ಚಿದರೆ ಅದೇ ರೀತಿ ತಿರುಗಿ ಹಾಕಲು ಬರುವುದಿಲ್ಲ.

ಮರುದಿನ ಹನ್ನೊಂದು ಗಂಟೆಗೆ ನೋಡಿದರೆ ಗಂಟು ಬೇರೆಯಾಗಿತ್ತು.

"ಹುಲಿಗೆವ್ವ, ಇಲ್ಲಿ ಬಾ. ಸಾರಿಗೆ ಎಂತ ಹಾಕಿದ್ದಿ?"

"ನೀವು ಹೇಳಿದ್ದೇ ರೀ. ಉಪ್ಪು, ಹುಳಿ, ಖಾರ."

"ಮತ್ತೆ?"

"ಮತ್ತೇನ್ ಹಾಕ್ಲಿ?"

"ಈ ಡಬ್ಬಿ ಯಾರು ತೆಗೆದದ್ದು?"

ಹುಲಿಗೆವ್ವ ಡಬ್ಬಿ ನೋಡಿದಳು, ನೂಲು ನೋಡಿದಳು. ನೂಲು ಯಾಕೆ ಕಟ್ಟಿದೆ ಎಂಬುದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖದ ಮೇಲೆ ಇದ್ದದ್ದೆಲ್ಲ ಒಳಗೆ ಹೋಯಿತು.

"ನನಗ ಕಟ್ಟೀರೇನ್ರಿ ಬಾಯಾರ, ಇದನ್ನ?"

"ನಾನು ಕೇಳಿದ್ದಕ್ಕೆ ಉತ್ತರ ಹೇಳು. ಅಭ್ಯಾಸದಲ್ಲಿ ಹಾಕಿದ್ದರೆ ಹಾಕಿದೆ ಅಂತ ಹೇಳು, ನಾನು ಎಂತ ಹೊಡೀತೇನಾ?"

"ನಾ ಹಾಕಿಲ್ರಿ." ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಾಲ್ಕು ವರ್ಷ ನಿಮ್ಮ ಬಂಗಾರ ಇಟ್ಟ ಕಪಾಟಿನ ಮುಂದ ನೆಲ ಒರೆಸೀನಿ. ಅದಕ್ಕ ನೂಲು ಕಟ್ಟಿರಲಿಲ್ಲ. ಬೆಲ್ಲಕ್ಕ ಕಟ್ಟೀರಿ."

ಒಲೆಯನ್ನು ಆರಿಸಿ, ಅರ್ಧ ಬೆಂದ ಅಳಸಂಡೆಯನ್ನು ಹಾಗೆಯೇ ಬಿಟ್ಟು ಅವಳು ಹೊರಟಳು. ಹಾಲ್‌ನಲ್ಲಿ ಕುಳಿತಿದ್ದ ಬ್ಯಾಪ್ಟಿಸ್ಟ್, ಸೆಲೀನ್ ಬಾಯಿಯ ಗಂಡ, ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದರು. ಅವಳು ಅಂಗಳ ದಾಟಿದ ಮೇಲೂ ಆ ಪೇಪರಿನ ಪುಟ ಮಗುಚಲಿಲ್ಲ.

ಮೂರು ದಿನ ಸೆಲೀನ್ ಬಾಯಿ ಊದಿದ ಕೈಯಲ್ಲೇ ಅಡುಗೆ ಮಾಡಿದರು. ಊತ ಕಡಿಮೆಯಾಗಲಿಲ್ಲ. ಆಗ ಸಂಶಯ ಬೇರೆ ಬೇರೆ ಬಾಗಿಲು ತಟ್ಟಿತು. ಎಣ್ಣೆಯ ಪ್ಯಾಕೆಟ್ಟು ಹೊಸದು. ಅದರಲ್ಲಿ ಏನು ಬೆರೆಸಿದ್ದಾರೋ. ಬಂಗುಡೆಗೆ ಹಾಕಿದ ಐಸು ಎಲ್ಲಿಯದೋ. ಬ್ಯಾಪ್ಟಿಸ್ಟ್ ರಾತ್ರಿ ಕೊಡುವ ಶುಂಠಿ ಕಷಾಯ ಮೊದಲಿನಷ್ಟು ಖಾರವಿಲ್ಲ, ಯಾಕಿಲ್ಲ? ಮೂವತ್ತಮೂರು ವರ್ಷ ಸಂಸಾರ ಮಾಡಿದ ಮನುಷ್ಯನ ತುಟಿಯ ಅಂಚನ್ನು ಅವರು ಊಟದ ನಂತರ ಕದ್ದು ನೋಡತೊಡಗಿದರು.

ಸೋಮವಾರ ಮಣಿಪಾಲಕ್ಕೆ ಹೊರಟರು. ಉಡುಪಿ ಬಸ್ಸಿನಲ್ಲಿ ಕಿಟಕಿಯ ಬದಿ ಸೆಲೀನ್ ಬಾಯಿ, ಪಕ್ಕದಲ್ಲಿ ಬ್ಯಾಪ್ಟಿಸ್ಟ್. ಶಿರ್ವ ದಾಟಿದ ಮೇಲೆ ಬ್ಯಾಪ್ಟಿಸ್ಟ್ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತಾ ಹೇಳಿದರು:

"ಆ ಗಂಟು ಬಿಚ್ಚಿದ್ದು ನಾನು."

ಸೆಲೀನ್ ಬಾಯಿ ತಿರುಗಿದರು.

"ತಿಂಡಿ ಆದ ಮೇಲೆ ಒಂದು ತುಂಡು ಬೆಲ್ಲ, ಎರಡು ಚೂರು ಕಾಯಿ. ನೀನು ಬಿಟ್ಟ ಮೇಲೆ ಎದುರು ತಿನ್ನಲಿಕ್ಕೆ ನಾಚಿಕೆ ಆಗ್ತಿತ್ತು. ಅದಕ್ಕೆ ನೀನು ಸ್ನಾನಕ್ಕೆ ಹೋದಾಗ..."

"ಅವಳು ನಿಂತು ಮಾತು ಕೇಳುವಾಗ ನಿಮ್ಮ ಬಾಯಿಗೆ ಎಂತ ಆಗಿತ್ತು?"

"ನೀನು ಅಷ್ಟು ಜೋರು ಮಾಡುವಾಗ ಹೇಗೆ ಹೇಳುವುದು ಮಾರಾಯ್ತಿ."

ಸೆಲೀನ್ ಬಾಯಿ ಕೈಚೀಲವನ್ನು ಮಡಿಲಿನಿಂದ ತೆಗೆದು ಇಬ್ಬರ ನಡುವೆ ಇಟ್ಟರು. "ಕಷಾಯಕ್ಕೂ ಹಾಕಿದ್ದೀರಾ?"

"ಇಲ್ಲ."

"ಮಕ್ಕಳಾಣೆ?"

"ಇಲ್ಲ ಅಂದ್ರೆ ಇಲ್ಲ. ನಾನು ತಿಂದದ್ದು ನನ್ನ ಹೊಟ್ಟೆಗೆ ಮಾತ್ರ."

ಸುಕೇಶ್ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದಿದ. ಅವನ ಬೆರಳು ಸೆಪ್ಟೆಂಬರ್ ಎಂಟರ ಮೇಲೆ ನಿಂತಿತು.

"ಎಂಟಕ್ಕೆ ನಿಮ್ಮ ತೆನೆ ಹಬ್ಬ ಅಲ್ವಾ ಆಂಟಿ? ಸಿಹಿ ಏನೂ ಬರೆದಿಲ್ಲ."

"ಪಾಯಸ ಮಾಡಿದ್ದೆ, ಅಣ್ಣನ ಮನೆಯವರಿಗೆ. ನಾನು ಮುಟ್ಟಲಿಲ್ಲ. ಸಿಹಿ ಸರಿ ಉಂಟಾ ಅಂತ ನೋಡಲಿಕ್ಕೂ ಇವರನ್ನು ಕರೆದೆ."

"ಅದು ಹೌದು," ಎಂದರು ಬ್ಯಾಪ್ಟಿಸ್ಟ್.

"ನಮ್ಮ ಅಂಬಲಪಾಡಿ ಮನೆಯಲ್ಲಿ ಹೊಸ ಅಕ್ಕಿ ಊಟದ ದಿನ ಯಾರೂ ತಪ್ಪಿಸುವ ಹಾಗೆ ಇಲ್ಲ. ಜ್ವರ ಇದ್ದರೂ ನಾಲಿಗೆಗೆ ಮುಟ್ಟಿಸ್ತಾರೆ. ನಿಮ್ಮಲ್ಲಿ ಇಲ್ವಾ ಹಾಗೆ?" ಎಂದ ಸುಕೇಶ್.

"ಯಾಕಿಲ್ಲ? ನೊವೆಂ ಉಂಟಲ್ಲ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿ ಕೊಟ್ಟ ತೆನೆಯ ಕಾಳನ್ನು ಅರೆದು ಕುಡಿಯುವುದು. ಅದನ್ನು ಬಿಡಲಿಕ್ಕೆ ಆಗ್ತದಾ?"

"ಯಾವುದರಲ್ಲಿ ಅರೆಯುವುದು?"

"ತೆಂಗಿನ ಹಾಲಿನಲ್ಲಿ. ಕಾಳು, ತೆಂಗಿನ ಹಾಲು, ಏಲಕ್ಕಿ..." ಸೆಲೀನ್ ಬಾಯಿ ನಿಲ್ಲಿಸಿದರು.

ಸುಕೇಶ್ ಪೆನ್ನಿನ ಮುಚ್ಚಳ ತೆಗೆದ.

"ಬೆಲ್ಲ," ಎಂದರು. ಆ ಶಬ್ದವನ್ನು ಅವರು ಹೊಸದಾಗಿ ಕೇಳುವವರಂತೆ ಹೇಳಿದರು.

"ಎಷ್ಟು ಕುಡಿದ್ರಿ?"

"ಒಂದು ಕಪ್."

"ಮೂರು," ಎಂದರು ಬ್ಯಾಪ್ಟಿಸ್ಟ್.

ಮಗಳು ಜೆನಿಫರ್ ಮಸ್ಕತ್ತಿನಲ್ಲಿ ನರ್ಸು. ಅಳಿಯ ಕಾರ್ಲ್ ಅಲ್ಲಿಯೇ. ದೂರ ಇರುವವರ ಪಾಲನ್ನು ತೆಗೆದಿಟ್ಟು, ಅವರ ಹೆಸರು ಹೇಳಿ ಮನೆಯ ತಾಯಿ ಕುಡಿಯಬೇಕು. ಸೆಲೀನ್ ಬಾಯಿಯ ಅತ್ತೆ ಹಾಗೆಯೇ ಮಾಡುತ್ತಿದ್ದರು. ಬ್ಯಾಪ್ಟಿಸ್ಟ್ ಕುವೈತಿನಲ್ಲಿದ್ದ ಹನ್ನೆರಡು ವರ್ಷವೂ ಅವರ ಪಾಲನ್ನು ಆ ತಾಯಿಯೇ ಕುಡಿದಿದ್ದರು. ಈ ಸಲದ ಹಬ್ಬದಂದು ಸೆಲೀನ್ ಬಾಯಿ ಮೇಣದ ಬತ್ತಿಯ ಮುಂದೆ ನಿಂತು ತನ್ನದನ್ನು ಕುಡಿದರು, ಜೆನಿಫರಳದನ್ನು ಕುಡಿದರು, ಕಾರ್ಲನದನ್ನು ಕುಡಿದರು. ಆಮೇಲೆ ಊಟಕ್ಕೆ ಕುಳಿತು, ಪಾಯಸವನ್ನು ದೂರ ಸರಿಸಿ, ಊಟದ ನಂತರ ಪುಸ್ತಕ ತೆರೆದು ಬರೆದರು: ಅನ್ನ, ಹೀರೆಕಾಯಿ, ಅಳಸಂಡೆ.

"ಅದು ತಿನ್ನುವುದಲ್ಲ, ದೇವರದು ಅಂತ ಬರೆಯಲಿಲ್ಲ," ಎಂದರು ಸೆಲೀನ್ ಬಾಯಿ.

ಸುಕೇಶ್ ನಗಲಿಲ್ಲ. "ಬೆಲ್ಲವೇ ಕಳ್ಳ ಅಂತ ನಾನು ಈಗ ಹೇಳುವುದಿಲ್ಲ ಆಂಟಿ. ಆಗಿರಬಹುದು. ಲೆಕ್ಕ ಕೆಟ್ಟುಹೋಗಿದೆ, ಇನ್ನು ಗೊತ್ತಾಗುವುದಿಲ್ಲ. ಮೊದಲ ದಿನದಿಂದ ಪುನಃ ಹಿಡಿಯುವ. ಹೋದ ಸಲ ಹನ್ನೊಂದು ದಿನದಲ್ಲಿ ಊತ ಇಳಿದಿತ್ತು, ಈ ಸಲವೂ ಇಳಿದೀತು. ಆದರೆ ಬರೆಯುವುದು ಎಲ್ಲವನ್ನೂ. ದೇವರದನ್ನೂ."

ಸೆಲೀನ್ ಬಾಯಿ ಮನಸ್ಸಿನಲ್ಲೇ ದಿನ ಲೆಕ್ಕ ಹಾಕಿದರು. ಎಲ್ಲವೂ ಸರಿಯಾದರೆ ಸೆಪ್ಟೆಂಬರಿನ ಕೊನೆಗೆ ಸೂಜಿ ಹಿಡಿಯಬಹುದು. ಇನ್ನೊಮ್ಮೆ ತಪ್ಪಿದರೆ ಶಾರ್ಲೆಟಳ ಗೌನಿನ ತೋಳು ಬರಿದು.

ಬೆಳ್ಮಣ್‌ನಲ್ಲಿ ಇಳಿದ ಮೇಲೆ ಗಂಡನನ್ನು ಮನೆಗೆ ಕಳಿಸಿ ಅವರು ಪೇಟೆಯ ಹಿಂದಿನ ಸಾಲು ಕೋಣೆಗಳ ಕಡೆಗೆ ನಡೆದರು. ನಾಲ್ಕು ವರ್ಷಗಳಲ್ಲಿ ಅಲ್ಲಿಗೆ ಹೋದದ್ದು ಇದೇ ಮೊದಲು. ಹುಲಿಗೆವ್ವ ಬಾಗಿಲಲ್ಲಿ ಕುಳಿತು ಜೋಳ ಆರಿಸುತ್ತಿದ್ದಳು. ಎದ್ದು ನಿಂತಳು, ಒಳಗೆ ಕರೆಯಲಿಲ್ಲ.

"ನಾನೇ ತಿಂದದ್ದು ಹುಲಿಗೆವ್ವ. ಹಬ್ಬದ ದಿನ, ನೊವೆಂ. ಮೂರು ಕಪ್."

"ಗೊತ್ತೈತ್ರಿ. ಕಪ್ ತೊಳದಾಕಿ ನಾನಾ ಅಲ್ಲೇನ್ರಿ? ತಳದಾಗ ಬೆಲ್ಲ ಅಂಟಿತ್ತು."

"ಮತ್ತೆ ಆ ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ರೇನು? ತನ್ನ ತಪ್ಪು ಮುಚ್ಚಾಕ ದೇವರ ಮ್ಯಾಲ ಹಾಕ್ತಾಳ ಅಂತಿದ್ರಿ."

ಹಾಗೆಯೇ ಹೇಳುತ್ತಿದ್ದೆ ಎಂದು ಸೆಲೀನ್ ಬಾಯಿಗೆ ಗೊತ್ತಿತ್ತು. "ತಪ್ಪಾಯಿತು," ಎಂದರು. ಊದಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹೊಟ್ಟೆಯ ಮೇಲೆ ಹಿಡಿದುಕೊಂಡರು. "ನಾಳೆಯಿಂದ ಪುನಃ ಶುರು ಮಾಡಬೇಕು. ನೀನು ಇಲ್ಲದೆ ನನಗೆ ಆಗುವುದಿಲ್ಲ."

ಹುಲಿಗೆವ್ವ ಜೋಳದಿಂದ ಒಂದು ಕಲ್ಲು ಆರಿಸಿ ರಸ್ತೆಗೆ ಎಸೆದಳು. "ಮುಂಜಾನಿಗೆ ಬ್ಯಾರೆ ಮನಿ ಹಿಡದೀನ್ರಿ. ನಿಮ್ಮಲ್ಲಿಗೆ ಹತ್ತಕ್ಕ ಬರ್ತೀನಿ. ತಿಂಡಿ ನೀವಾ ಮಾಡ್ಕೋರಿ."

"ಆಯ್ತು."

"ಆಮ್ಯಾಲ ಆ ಪುಸ್ತಕ ನನ್ನ ಕೈಯಾಗ ಕೊಡಬೇಕ್ರಿ. ನಾಲ್ಕನೇ ಇಯತ್ತೆ ಓದೀನಿ, ಬರೀತೀನಿ. ನೀವು ಬರದ್ರ ಅರ್ಧ ಬಿಟ್ಟುಬಿಡ್ತೀರಿ."

ಮರುದಿನ ಹತ್ತೂಕಾಲಿಗೆ ಅವಳು ಬಂದಳು. ಮೊದಲಿನಂತೆ ಹರಟಲಿಲ್ಲ. ಸೆರಗು ಸಿಕ್ಕಿಸಿ, ಮೇಜಿನ ಮುಂದೆ ನಿಂತೇ ಪುಸ್ತಕ ತೆರೆದು ದೊಡ್ಡ ಅಕ್ಷರಗಳಲ್ಲಿ 'ದಿನ ಒಂದು' ಎಂದು ಬರೆದಳು.

"ಬೆಳಿಗ್ಗಿಂದ ಏನೇನ್ ಹೋತ್ರಿ ಬಾಯಿಗೆ?"

"ಗಂಜಿ. ಉಪ್ಪು. ಒಂದು ಒಣ ಮೆಣಸು ಸುಟ್ಟದ್ದು."

"ಮತ್ತ?"

"ನೀರು."

"ದೇವರದು ಏನರ?"

"ಇಲ್ಲ."

ಹುಲಿಗೆವ್ವ ಅವರ ಮುಖವನ್ನು ನೋಡಿದಳು. ಬರೆಯಲಿಲ್ಲ. ಪೆನ್ನನ್ನು ಪುಸ್ತಕದ ನಡುವೆ ಇಟ್ಟು ಸಿಂಕಿನ ಬಳಿ ಹೋಗಿ, ತೊಳೆಯಲು ಹಾಕಿದ್ದ ಲೋಟಗಳನ್ನು ಒಂದೊಂದಾಗಿ ಎತ್ತಿ ತಳ ನೋಡಿದಳು.

"ಚಹಾದ ಲೋಟ ಐತಿ."

"ಅದು ಅವರದ್ದು," ಎಂದರು ಸೆಲೀನ್ ಬಾಯಿ. "ಬೇಕಾದರೆ ಕೇಳು."

ಅವಳು ಹಾಲ್‌ಗೆ ಹೋಗಿ ಕೇಳಿಯೇ ಬಂದಳು. ಆಮೇಲೆ ಬರೆದಳು.