ಕುರ್ಚಿ ಬಿಟ್ಟು ಏಳಬಾರದ ಮೂಲೆ

ಕಸದ ದೂರು ತಗೊಳ್ಳೋ ಆ್ಯಪ್ ಕಂಪನಿಯಲ್ಲಿ ನನ್ನ ಕೆಲಸ ಇಷ್ಟೇ: ದೂರು ಬಂದ ಜಾಗಕ್ಕೆ ಹೋಗಿ, ಕಸ ಎತ್ತಿದ್ದಾರೆ ಅನ್ನೋದಕ್ಕೆ ಫೋಟೋ ತೆಗೆಯೋದು. ಫೋಟೋದಲ್ಲಿ ಜನ ಇರಬಾರದು. ದೂರು ಕೊಟ್ಟವರನ್ನ ನಾವು ಗ್ರಾಹಕರು ಅಂತೀವಿ.

ಅವತ್ತು ಬೆಳಿಗ್ಗೆ ನಾನು ಹೋದಾಗ, ದೂರು ಬಂದಿದ್ದ ಲಿಂಗರಾಜಪುರದ ಬೀದಿ ಮೂಲೆಯನ್ನ ಯಾರೋ ತೊಳೆದು ರಂಗೋಲಿ ಹಾಕಿದ್ದರು. ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ವಯಸ್ಸಾದ ಹೆಂಗಸು.

“ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ಫೋಟೋ ತೆಗೀಬೇಕು.”

“ನಾನೆದ್ರೆ ಕಸ ಬೀಳುತ್ತೆ. ಬೀದಿಯವರೆಲ್ಲ ಪಾಳಿ ಹಾಕ್ಕೊಂಡು ಕಾಯ್ತಿದೀವಿ. ಬೇಕಾದ್ರೆ ನೀವು ನೋಡ್ಕೊಳ್ಳಿ, ಕುಕ್ಕರ್ ಇಳಿಸಿ ಬರ್ತೀನಿ,” ಅಂದು ಹೋಗೇಬಿಟ್ಟರು.

ನಾನು ಮೊಬೈಲ್ ತೆಗೆಯೋಷ್ಟರಲ್ಲಿ ಕಾರೊಂದು ಬಂದು ನಿಂತಿತು. ಕಸದ ಕವರ್ ಹಿಡಿದು ಒಬ್ಬ ಇಳಿದ. ಏನನ್ನಿಸಿತೋ, ಕುರ್ಚಿ ಎಳಕೊಂಡು ರಂಗೋಲಿ ಮುಂದೆ ಕೂತುಬಿಟ್ಟೆ.

“ಏಳ್ರೀ.”

“ಇಲ್ಲಿ ಹಾಕೋ ಹಾಗಿಲ್ಲ ಸಾರ್.”

ಅವನ ಕಣ್ಣು ನನ್ನ ಕೊರಳಿನ ಐಡಿ ಕಾರ್ಡ್ ಮೇಲೆ ಬಿತ್ತು. “ಓ, ಆ್ಯಪ್‌ನವರಾ? ಇಲ್ಲಿ ಕಸ ಇದೆ ಅಂತ ಕಂಪ್ಲೇಂಟ್ ಕೊಟ್ಟಿದ್ದೇ ನಾನು! ಟ್ಯಾಕ್ಸ್ ಕಟ್ತೀನಿ. ಎತ್ತೋದು ನಿಮ್ಮ ಕೆಲಸ.”

ಕವರ್ ನನ್ನ ಮುಖದ ಹತ್ತಿರವೇ ತೂಗಾಡ್ತಿತ್ತು. ಅದರಿಂದ ಏನೋ ತೊಟ್ಟಿಕ್ಕಿ ಶೂ ಮೇಲೆ ಬಿತ್ತು. ಆದರೂ ಏಳಲಿಲ್ಲ. ಎದುರು ಮನೆ ಬಾಗಿಲು ತೆರೆಯಿತು, ಆಮೇಲೆ ಪಕ್ಕದ್ದು. ಬಂದವರು ನನ್ನ ಹಿಂದೆ ನಿಂತರು. ಅವನು ಎಲ್ಲರನ್ನೂ ಒಮ್ಮೆ ನೋಡಿ, ಕವರ್ ಕಾರೊಳಗೆ ಎಸೆದು ಹೊರಟ.

ಮಧ್ಯಾಹ್ನ ಮ್ಯಾನೇಜರ್ ಕರೆದು ಮೊಬೈಲ್ ತೋರಿಸಿದರು. ಗ್ರಾಹಕರು ಒಂದೇ ಸ್ಟಾರ್ ಕೊಟ್ಟಿದ್ದರು: “ನಿಮ್ಮ ಸಿಬ್ಬಂದಿ ಕೆಲಸ ಮಾಡದೆ ಕುರ್ಚಿ ಮೇಲೆ ಕೂತಿರ್ತಾರೆ.”

ಆ ಕಂಪನಿ ಸೇರಿದ ಮೇಲೆ ನಾನು ನಿಜವಾಗಿ ಮಾಡಿದ ಕೆಲಸ ಅದೊಂದೇ.